ಸದ್ದು ಯಾರದು?

1950ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನ ಬಡ ಕಪ್ಪು ಜನ ದೊಡ್ಡ ಸ್ಪೀಕರುಗಳನ್ನು ಬೀದಿಗಿಟ್ಟು ಕುಣಿದರು. ತಟ್ಟೆಯ ಹಾಡಿನ ಮೇಲೆ ತಮ್ಮದೇ ಮಾತು ಹೊಸೆದರು.

ನಮ್ಮ ಉಮ್ಮತ್ತೂರು ಸೀಮೆಯಲ್ಲಿ ಸದ್ದು ಮೊದಲಿಂದಲೂ ಕೇರಿಯದೇ. ಅಪ್ಪಣೆ ಮಾತ್ರ ಊರಿನದು. ಸಾವಿಗೆ, ಸಾರೋದಕ್ಕೆ ತಮಟೆ ಬೇಕು. ಬಡಿದವನು ಜಗಲಿ ಹತ್ತಬಾರದು. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಅದೇ ತಮಟೆಯನ್ನು ಹೋರಾಟದ ಹಾಡಿಗೆ ಕಟ್ಟಿತು. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷವೇ.

ಆದರೆ ಅಂಬೇಡ್ಕರ್ ಜಯಂತಿಗೆ ಡಿಜೆ ತರಿಸುವ ಹುಡುಗರನ್ನು ‘ಜನಪದ ಹಾಳು ಮಾಡಿದ್ರು’ ಅಂತ ಬಯ್ಯುವ ವಿಮರ್ಶಕರೊಂದಿಗೆ ನನ್ನ ತಕರಾರಿದೆ. ಬಿಟ್ಟಿಗೆ ಬಡಿದ ಕೈ ಇನ್ನು ಬಡಿಯೋಲ್ಲ ಅಂದರೆ ಅದನ್ನು ಕಲೆಯ ಸಾವು ಅನ್ನಬೇಡಿ. ಹುಡುಗರಿಗೂ ಒಂದು ಪ್ರಶ್ನೆ ಇದೆ: ಬಾಡಿಗೆ ಡಬ್ಬದಲ್ಲಿ ಸಿನಿಮಾ ಹಾಡೇ ಮೊಳಗಿದರೆ, ನಮ್ಮ ಮಾತು ಯಾವಾಗ?