ಸ್ಥಾವರದ ಪಟ್ಟಿ, ಜಂಗಮದ ದಾರಿ: ಸೊಲ್ಲಾಪುರ–ಅಕ್ಕಲಕೋಟಗಳ ಕಟ್ಟಡಗಳನ್ನು ಓದುವ ಬಗೆ



ಇವತ್ತು ನಾನು ವಿಮರ್ಶೆಗೆ ತಗೊಂಡಿರೋದು ಒಂದು ಕೃತಿಯನ್ನಲ್ಲ, ಒಂದು ಪಟ್ಟಿಯನ್ನು. ‘ಸೊಲ್ಲಾಪುರದಲ್ಲಿ ನೋಡಬೇಕಾದ ಸ್ಥಳಗಳು’ ಎಂಬ ಪಟ್ಟಿ ನಮಗೆಲ್ಲ ಗೊತ್ತೇ ಇದೆ: ಸಿದ್ಧೇಶ್ವರ ಗುಡಿ, ಭುಯಿಕೋಟ ಕಿಲ್ಲೆ, ಇಂದ್ರಭುವನ, ಅಲ್ಲಿಂದ ಅಕ್ಕಲಕೋಟದ ವಟವೃಕ್ಷ ಮಂದಿರ, ಅರಮನೆಯ ಶಸ್ತ್ರಾಗಾರ. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಅದು ಪ್ರತಿ ಕಟ್ಟಡವನ್ನೂ ಬಿಡಿ ವಸ್ತುವಾಗಿ ತೋರಿಸುತ್ತದೆ. ಅವುಗಳ ನಡುವಿನ ಸಂಬಂಧವನ್ನೂ ಆ ಸಂಬಂಧ ಬದುಕಿರುವ ಭಾಷೆಯನ್ನೂ ಕೈಬಿಡುತ್ತದೆ. ನನ್ನ ತಕರಾರು ಇಷ್ಟೇ.

ಮೊದಲು ಕೆರೆ ನೋಡೋಣ. 12ನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಊರಿನಲ್ಲಿ 68 ಲಿಂಗಗಳನ್ನು ಸ್ಥಾಪಿಸಿದ ಎನ್ನುತ್ತದೆ ಪರಂಪರೆ. ಆತನ ಬದುಕನ್ನು ರಾಘವಾಂಕ ಕಾವ್ಯವಾಗಿಸಿದ. ಶೂನ್ಯಸಂಪಾದನೆಯಲ್ಲಾದರೋ ಅಲ್ಲಮ ಬಂದು ಆತನನ್ನು ‘ಒಡ್ಡರಾಮ’ ಎಂದು ಮೂದಲಿಸುತ್ತಾನೆ. ಅಂದ್ರೆ, ಈ ಊರಿನ ಕಟ್ಟಡಗಳ ಮೊದಲ ವಿಮರ್ಶಕ ಅಲ್ಲಮನೇ. ಕಟ್ಟಿದವನು ಕಟ್ಟಿದ್ದಕ್ಕೇ ಅಂಟಿಕೊಂಡರೆ ಹೇಗೆ ಅನ್ನೋದು ಅವನ ಪ್ರಶ್ನೆ. ನೋಡಲು ಬಂದವರು ನೋಡಿದ್ದಕ್ಕೇ ಅಂಟಿಕೊಂಡರೂ ಅದೇ ಪ್ರಶ್ನೆ ಬರ್ತದೆ.

ಇದಕ್ಕೆ ಊರೇ ಒಂದು ಉತ್ತರ ಕಂಡುಕೊಂಡಿದೆ. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳು 68 ಲಿಂಗಗಳನ್ನು ಸುತ್ತಿ ಬರುತ್ತವೆ. ಮರುದಿನ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ. ಕುಂಬಾರ ಕನ್ಯೆಗೂ ಸಿದ್ಧರಾಮನ ಯೋಗದಂಡಕ್ಕೂ ನಡೆದ ಮದುವೆಯ ನೆನಪು ಅದು. ಮರಾಠಿಯವರು ‘ಕಟ್ಟಾ’ ಅನ್ನಲಿ, ನಾವು ‘ಕಟ್ಟೆ’ ಅನ್ನೋಣ, ಇರೋದು ಒಂದೇ ಕಲ್ಲಿನ ಜಗಲಿ. ಇಲ್ಲಿ ಸ್ಥಾವರಕ್ಕೆ ಅರ್ಥ ಬರೋದು ಜನ ನಡೆದಾಗ.

ಕಿಲ್ಲೆಯನ್ನೂ ಹಿಂಗೇ ಓದಬೇಕು. ಬಹಮನಿ ಕಾಲದ ಈ ಜೋಡಿ ಗೋಡೆಯ ಕೋಟೆ ನಿಂತಿರೋದು ಸಿದ್ಧರಾಮನ ಕೆರೆಗೆ ಒತ್ತಿಕೊಂಡು. ಅದರ ಗೋಡೆಗಳಲ್ಲಿ ಹಳೆಯ ದೇಗುಲಗಳ ಕೆತ್ತನೆ ಕಲ್ಲುಗಳಿವೆ. ಕೆರೆಯನ್ನು ಭಕ್ತಿಗೆ, ಕೋಟೆಯನ್ನು ಯುದ್ಧಕ್ಕೆ ಅಂತ ಎರಡು ಸಾಲಿನಲ್ಲಿ ಬರೆದರೆ ಈ ನೆರೆಹೊರೆ ಮರೆಯಾಗ್ತದೆ.

ಬಂದರು ನಗರಗಳ ಕಟ್ಟಡ ಓದುವಾಗ ನಾವು ಹಡಗನ್ನು ಮರೆಯೋದಿಲ್ಲ. ಸೊಲ್ಲಾಪುರಕ್ಕೆ ಸಮುದ್ರವಿಲ್ಲ, ಅದರ ಬಂದರು ರೈಲ್ವೆ ನಿಲ್ದಾಣ. ಮುಂಬಯಿಯ ಬಂಡವಾಳ ಆ ಹಳಿಯ ಮೇಲೆ ಬಂದು ‘ಜುನೀ ಗಿರಣಿ’ಯಾಯಿತು. ಅದೇ ಹತ್ತಿ–ನೂಲಿನ ಕಾಲದಲ್ಲಿ ಲಿಂಗಾಯತ ವರ್ತಕ ಅಪ್ಪಾಸಾಹೇಬ ವಾರದ ಇಂದ್ರಭುವನ ಕಟ್ಟಿಸಿದರು. ಮುಂದೆ ಅದು ಮಹಾನಗರಪಾಲಿಕೆಗೆ ಸೇರಿತು. ಗಿರಣಿಯನ್ನು ಬಿಟ್ಟು ಇಂದ್ರಭುವನದ ಕಮಾನು ಹೊಗಳೋದು ಅರ್ಧ ಓದು. 1930ರ ಮಾರ್ಷಲ್ ಲಾ, 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ ಮತ್ತು ಮೂವರು ಸಂಗಾತಿಗಳು, ಅವರ ಹೆಸರಿನ ಚಾರ್ ಹುತಾತ್ಮಾ ಚೌಕ, ಇವೂ ಈ ಗಿರಣಿ ಊರಿನ ಅಧ್ಯಾಯಗಳೇ.

ಅಕ್ಕಲಕೋಟದಲ್ಲಿ ಭೋಸಲೆ ಸಂಸ್ಥಾನದ ಅರಮನೆ, ಅದರ ಆಯುಧಗಳು ಪಟ್ಟಿಗೆ ಒಗ್ಗುತ್ತವೆ. ಜನಸಾಗರ ಹೋಗೋದು ಮಾತ್ರ ಸ್ವಾಮಿ ಸಮರ್ಥರು ಕೂತ ಆಲದ ಮರಕ್ಕೆ. ಊರಿನ ಹೆಗ್ಗುರುತು ಒಂದು ಮರ! ಕಟ್ಟಡವನ್ನೇ ಪರಂಪರೆ ಎನ್ನುವ ವ್ಯಾಖ್ಯೆ ಇಲ್ಲಿ ಸೋಲ್ತದೆ.

ಇನ್ನು ನಮ್ಮ ಕಡೆಗೂ ಒಂದು ಮಾತು. ಕನ್ನಡ ವಿಮರ್ಶೆ ಸೊನ್ನಲಿಗೆಯನ್ನು ಕಾವ್ಯದಲ್ಲಿ ಓದಿತು, ಕಲ್ಲಿನಲ್ಲಿ ಅಷ್ಟಾಗಿ ಓದಲಿಲ್ಲ. ಓದಿದಾಗಲೂ 1956ರ ವಿಂಗಡಣೆ, 1967ರ ಮಹಾಜನ ವರದಿಗಳ ವಾದಕ್ಕೆ ಸಾಕ್ಷಿಯಾಗಿ ಓದಿದ್ದೇ ಹೆಚ್ಚು. ಕಲ್ಲನ್ನು ದಾವೆಯ ಕಾಗದ ಮಾಡಿದರೆ, ಮರಾಠಿ ಮಾತಾಡುತ್ತ ನಂದಿಧ್ವಜ ಹೊರುವವನಿಗೆ ಅಲ್ಲಿ ಜಾಗ ಉಳಿಯೋದಿಲ್ಲ. ಸೊಲ್ಲಾಪುರದಲ್ಲೇ ಹುಟ್ಟಿ, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಜಯದೇವಿತಾಯಿ ಲಿಗಾಡೆ ಸಿದ್ಧರಾಮನ ಮೇಲೆ ಕನ್ನಡದಲ್ಲಿ ಪುರಾಣ ಬರೆದದ್ದು ಮರಾಠಿ ನೆರೆಯ ನಡುವೆ ಬದುಕುತ್ತಲೇ.

ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಯ ಮಗು ನಾಳೆ ಪ್ರವಾಸಕ್ಕೆ ಹೊರಟರೆ, ಕೈಯಲ್ಲಿ ಪಟ್ಟಿ ಬೇಡ, ದಾರಿ ಇರಲಿ: ಕೆರೆ, ಕಟ್ಟೆ, ಕಿಲ್ಲೆ, ಗಿರಣಿ, ಚೌಕ, ಆಲದ ಮರ. ಅಂಥ ದಾರಿಯನ್ನು ಎರಡೂ ಭಾಷೆಗಳಲ್ಲಿ ಬರೆಯೋದು ನಮ್ಮ ವಿಭಾಗಗಳ ಕೆಲಸ ಆಗಬಹುದೇ? ಚರ್ಚೆಗೆ ಈ ಪ್ರಶ್ನೆಯನ್ನೇ ಇಡ್ತೇನೆ.