ಡ್ರಮ್ ಸೆಟ್ಟಿನ ಮೇಲೆ ತೀನತಾಲ

ತಬಲಾದಿಂದ ಪಾಶ್ಚಾತ್ಯ ಡ್ರಮ್ಮರುಗಳು ಸುಲಭವಾಗಿ ಎತ್ತಿಕೊಂಡದ್ದು ತಿಹಾಯಿ. ಒಂದೇ ತುಣುಕನ್ನು ಮೂರು ಸಲ ಬಾರಿಸಿ ಸಮಕ್ಕೆ ಬಂದು ಬೀಳುವ ಈ ಮುಕ್ತಾಯಕ್ಕೆ ಯಾವ ದೇಶದ ಸಭೆಯೂ ಚಪ್ಪಾಳೆ ತಟ್ಟುತ್ತದೆ; ಲೆಕ್ಕ ತಿಳಿದವರಿಗೆ ಅದು ಬೇಗ ಕೈಗೆ ಹತ್ತುತ್ತದೆ. ಡಗ್ಗಾದ ಮೇಲೆ ಎಡ ಅಂಗೈಯನ್ನು ಒತ್ತಿ ಜಾರಿಸಿ ನಾದವನ್ನು ಬಾಗಿಸುವ ಮೀಂಡ್‌ಗೆ ಮಾತ್ರ ವರ್ಷಗಟ್ಟಲೆ ರಿಯಾಜ್ ಬೇಕು. ಕೋಲು ಹಿಡಿದ ಕೈಗೆ ಅದು ದಕ್ಕುವುದೇ ಕಷ್ಟ. ತಬಲಾವನ್ನು ತಮ್ಮ ಬಾನಿಗೆ ಒಗ್ಗಿಸಿಕೊಂಡವರದು ಈಗ ಅರ್ಧ ಶತಮಾನ ದಾಟಿದ ಪರಂಪರೆ. ಸುಲಭಕ್ಕೆ ಸಿಕ್ಕಿದ್ದರಲ್ಲೇ ತೃಪ್ತರಾದವರು ಯಾರು, ಸಿಗದ್ದಕ್ಕಾಗಿ ತಮ್ಮ ವಾದನವನ್ನೇ ಬದಲಿಸಿಕೊಂಡವರು ಯಾರು ಎಂದು ಕೇಳಿಯೇ ಇದನ್ನು ಅಳೆಯಬೇಕು.

1968ರಲ್ಲಿ ಉಸ್ತಾದ್ ಅಲ್ಲಾರಖಾ ಮತ್ತು ಜಾಝ್ ಡ್ರಮ್ಮರ್ ಬಡ್ಡಿ ರಿಚ್ ಜೊತೆಗೂಡಿ ಒಂದು ಧ್ವನಿಮುದ್ರಿಕೆ ತಂದರು. ಇಬ್ಬರೂ ಮಹಾನ್ ವಾದಕರು, ಆದರೆ ಅಲ್ಲಿ ಕೇಳುವುದು ಅಕ್ಕಪಕ್ಕ ಕೂತ ಎರಡು ವಿದ್ಯೆಗಳು. ಬೆರೆಯುವ ಕೆಲಸ ಶಿಷ್ಯರ ಪಾಲಿಗೆ ಬಂತು. ಅಲ್ಲಾರಖಾ ಅವರಲ್ಲಿ ತಬಲಾ, ರವಿಶಂಕರ್ ಅವರಲ್ಲಿ ಸಿತಾರ್ ಕಲಿತ ಅಮೆರಿಕದ ಕಾಲಿನ್ ವಾಲ್ಕಾಟ್, 1970ರಲ್ಲಿ ಹುಟ್ಟಿದ ಆರೆಗಾನ್ ತಂಡದಲ್ಲಿ ರಾಲ್ಫ್ ಟೌನರ್ ಅವರ ಗಿಟಾರ್‌ಗೆ ಸಾಥ್ ಕೊಟ್ಟರು. ಅಲ್ಲಿ ಕಾಯ್ದಾದ ವಿಸ್ತಾರ ಹುಡುಕಿದರೆ ನಿರಾಸೆಯಾಗುತ್ತದೆ. ನನಗೆ ಅದು ಕೊರತೆಯಾಗಿ ಕಾಣುವುದಿಲ್ಲ. ಶ್ರುತಿಗೆ ಕೂಡಿಸಿದ ತಬಲಾದ ನಾದವನ್ನು ಗಿಟಾರಿನ ಸ್ವರದ ಬದಿಗೆ ಎಲ್ಲಿ ಇಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ವಿವೇಚನೆಯೇ ಅವರ ಸಾಧನೆ. 1984ರಲ್ಲಿ ಪೂರ್ವ ಜರ್ಮನಿಯಲ್ಲಿ, ತಂಡದ ಪ್ರವಾಸದ ನಡುವೆ, ಅವರು ಅಪಘಾತದಲ್ಲಿ ತೀರಿಕೊಂಡರು.

ಆ ಜಾಗಕ್ಕೆ ಬಂದ ತ್ರಿಲೋಕ್ ಗುರ್ತು ಹೊರಟದ್ದು ಎದುರು ದಿಕ್ಕಿನಿಂದ. ಮುಂಬಯಿಯಲ್ಲಿ, ಠುಮ್ರಿ ಗಾಯಕಿ ಶೋಭಾ ಗುರ್ತು ಅವರ ಮಗನಾಗಿ ಹುಟ್ಟಿ ತಬಲಾದಲ್ಲೇ ಬೆಳೆದವರು ಅವರು. ಡ್ರಮ್ ಸೆಟ್ಟಿನ ಸ್ಟೂಲ್ ಬಿಟ್ಟು ನೆಲಕ್ಕಿಳಿದರು. ತಬಲಾ ಮತ್ತು ಡ್ರಮ್‌ಗಳನ್ನು ಸುತ್ತ ಇಟ್ಟುಕೊಂಡು, ಸಿಂಬಲ್‌ಗಳನ್ನು ಬಕೆಟ್ ನೀರಿನಲ್ಲಿ ಅದ್ದಿ ಸ್ವರ ಬಾಗಿಸಿದರು. ಡಗ್ಗಾದ ಮೀಂಡ್‌ನ ಆಸೆ ಲೋಹಕ್ಕೂ ಹತ್ತಿದ ಹಾಗೆ ಅದು ಕೇಳಿಸುತ್ತದೆ.

ಆದರೂ ಈ ಪರಂಪರೆಯ ನಿಜವಾದ ಪರೀಕ್ಷೆ ಖಾಲಿಯಲ್ಲಿದೆ. ತಬಲಾ ಕಲಿಯುವ ಮಕ್ಕಳಿಗೆಲ್ಲ ಗೊತ್ತಿರುವ ಕಾಯ್ದಾ ನೋಡಿ: ಧಾ ಧಾ ತಿಟ ಧಾ ಧಾ ತಿನ್ ನಾ, ತಾ ತಾ ತಿಟ ಧಾ ಧಾ ಧಿನ್ ನಾ. ಎರಡನೆಯ ಸಾಲಿಗೆ ಬಂದೊಡನೆ ಧಾ ಹೋಗಿ ತಾ ಆಗುತ್ತದೆ, ಡಗ್ಗಾದ ಗುಂಗು ಆರುತ್ತದೆ. ಆದರೆ ಸಾಲು ಮುಗಿಯುವ ತನಕ ಅದು ಕಾಯುವುದಿಲ್ಲ, ನಡುವಿನಲ್ಲೇ ಮರಳಿ ಬರುತ್ತದೆ. ಮುಂದಿನ ಸಮದ ಎಳೆತ ಹುಟ್ಟುವುದು ಆ ಮರಳುವಿಕೆಯಿಂದ. ಇದನ್ನು ಬರೀ ಅಂಕಿಯಾಗಿ ಎಣಿಸಿದರೆ ಎರಡೂ ಸಾಲು ಒಂದೇ. ಭಾರತೀಯ ಲಯವನ್ನು ಐದು, ಏಳು, ಒಂಬತ್ತರ ಗುಂಪುಗಳಾಗಿ ಒಡೆದು ಕಲಿಸುವ ಕೈಪಿಡಿಗಳು ಮತ್ತು ಕಾರ್ಯಾಗಾರಗಳು ಎಡವುವುದು ಇಲ್ಲಿಯೇ. ಅವು ಕಲಿಸುವ ಲೆಕ್ಕ ತಪ್ಪಲ್ಲ; ಆದರೆ ಧಿನ್‌ಗೂ ತಿನ್‌ಗೂ ವ್ಯತ್ಯಾಸ ಕೇಳದ ಕಿವಿಯನ್ನು ಅವು ತಯಾರು ಮಾಡುತ್ತವೆ.

ನ್ಯೂಯಾರ್ಕಿನ ಡ್ಯಾನ್ ವೈಸ್ ಈ ಕಾರಣಕ್ಕೆ ಮುಖ್ಯರಾಗುತ್ತಾರೆ. ಪಂಡಿತ್ ಸಮೀರ್ ಚಟರ್ಜಿ ಅವರ ಶಿಷ್ಯರಾದ ಅವರು, 2005ರ ಧ್ವನಿಮುದ್ರಿಕೆಯೊಂದರಲ್ಲಿ ತೀನತಾಲದ ಸೋಲೋವನ್ನು ಡ್ರಮ್ ಸೆಟ್ಟಿನಲ್ಲೇ ನುಡಿಸಿದರು. ಮುಂದೆ ಝಪತಾಲವನ್ನೂ ನುಡಿಸಿದರು. ಲೆಹರಾ ಹಿಡಿದದ್ದು ಗಿಟಾರ್. ಇಲ್ಲಿ ತಬಲಾದ ನಾದದ ಅನುಕರಣೆ ಇಲ್ಲ, ಅದರ ವ್ಯಾಕರಣ ಇದೆ. ಇದು ಬರೀ ನಕಲು, ವೈಸ್ ಎಂಬ ಕಲಾವಿದ ಎಲ್ಲಿದ್ದಾನೆ ಎಂದು ಯಾರಾದರೂ ಕೇಳಬಹುದು. ಅವರು 2014ರ ‘ಫೋರ್ಟೀನ್’ ಕೇಳಲಿ: ತಬಲಾದ ಹೆಸರೆತ್ತದ ಆ ದೀರ್ಘ ರಚನೆಯಲ್ಲೂ ವಿಷಯ ಬೆಳೆಯುವ ಪರಿಯಲ್ಲಿ ನನಗೆ ಕಾಯ್ದಾದ ನಡೆ ಕೇಳಿಸುತ್ತದೆ.

ನಮ್ಮವರ ಪಾಲೂ ಇದರಲ್ಲಿದೆ. 1964ರಲ್ಲಿ ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮೃದಂಗದ ಮನೆ, ತಬಲಾದ್ದಲ್ಲ. ಆದರೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಆ ತಂಡದೊಂದಿಗೆ, ಆರ್.ಎ. ರಮಾಮಣಿ ಅವರ ಗಾಯನದ ಜೊತೆ ನುಡಿಸಿದ್ದನ್ನು ಕೇಳಿದರೆ ಕೊನ್ನಕ್ಕೋಲಿನ ಬೆಲೆ ತಿಳಿಯುತ್ತದೆ. ಕೈಗಿಂತ ಮೊದಲು ಬಾಯಿ ಕಲಿಯಬೇಕೆಂಬುದು ತಬಲಾದ ಪಢಂತಕ್ಕೂ ಸಲ್ಲುವ ಮಾತು. ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕು: ಫ್ಯೂಷನ್ ವೇದಿಕೆಗಳಲ್ಲಿ ಸವಾಲ್-ಜವಾಬನ್ನೇ ಬೆಳೆಸಿ ಪೇಷ್ಕಾರವನ್ನು ಮೊಟಕು ಮಾಡಿದವರು ನಮ್ಮ ವಾದಕರೇ. ಹೊರಗಿನವರು ತಿಹಾಯಿಯನ್ನಷ್ಟೇ ಕೊಂಡೊಯ್ದರೆ ತಪ್ಪು ಅವರೊಬ್ಬರದಲ್ಲ.

ಉಳಿದಿರುವುದು ಮೀಂಡ್. ಜಾಝ್ ಡ್ರಮ್ಮರುಗಳು ಟಾಮ್ ಮೇಲೆ ಮೊಣಕೈ ಊರಿ ಸ್ವರ ಏರಿಸುವುದು ಹಳೆಯ ರೂಢಿ. ಅದು ಈಗಲೂ ಹೆಚ್ಚಾಗಿ ಅಲಂಕಾರವಾಗಿಯೇ ಬಳಕೆಯಲ್ಲಿದೆ. ಪೇಷ್ಕಾರದ ವಿಲಂಬಿತ ನಡೆಯಲ್ಲಿ ಡಗ್ಗಾ ಮಾಡುವ ಕೆಲಸವನ್ನು ಆ ಮೊಣಕೈಗೆ ಒಪ್ಪಿಸಿ, ಗುರುವಿನೆದುರು ಕೂತು ರಿಯಾಜ್ ಮಾಡುವ ಡ್ರಮ್ಮರುಗಳು ಇನ್ನಷ್ಟು ಬರಬೇಕು.