ಮಾಟ್ಲಿ ಪುಸ್ತಕ ಮುಗಿಸಿದ ಮೇಲೆ ಲೂಯಿಸ್

ಈ ಸಲ ನಮ್ಮ ಬಳಗದ ಓದಿಗೆ ಸಿಕ್ಕಿದ್ದು ಜಾನ್ ಲೋತ್ರಾಪ್ ಮಾಟ್ಲಿಯ ದಪ್ಪ ಇತಿಹಾಸ, 1856ರಲ್ಲಿ ಹೊರಬಂದ ‘ದಿ ರೈಸ್ ಆಫ್ ದಿ ಡಚ್ ರಿಪಬ್ಲಿಕ್’. ಇಷ್ಟು ವರ್ಷ ಈ ನೆಲದ ಅನ್ನ ಉಂಡ ಮೇಲೆ ಈ ನಾಡು ಹುಟ್ಟಿದ ಕಥೆಯನ್ನಾದರೂ ಓದಬೇಡವೇ ಎಂದು ಕೈಗೆತ್ತಿಕೊಂಡೆವು. ಮಾಟ್ಲಿ ಅಮೆರಿಕದವನು. ಬರೆದದ್ದು ಚರಿತ್ರೆಯಾದರೂ ಕೈ ಕಾದಂಬರಿಕಾರನದು. ಅವನ ನಾಯಕ ವಿಲಿಯಂ ಆಫ್ ಆರೆಂಜ್. 1584ರ ಜುಲೈ 10ರಂದು ಡೆಲ್ಫ್ಟ್‌ನ ಪ್ರಿನ್ಸೆನ್‌ಹಾಫ್‌ನಲ್ಲಿ ಬಾಲ್ತಸಾರ್ ಜೆರಾರ್ ಹಾರಿಸಿದ ಗುಂಡಿಗೆ ನಾಯಕ ಬೀಳುತ್ತಾನೆ, ಪುಸ್ತಕವೂ ಅಲ್ಲಿಗೇ ಮುಗಿಯುತ್ತದೆ.

ನಮ್ಮ ತಕರಾರು ಶುರುವಾಗುವುದೂ ಅಲ್ಲೇ. ಆ ಮಧ್ಯಾಹ್ನದ ದೃಶ್ಯದಲ್ಲಿ ಮಾಟ್ಲಿ ಒಬ್ಬ ಹೆಂಗಸನ್ನು ತರುತ್ತಾನೆ. ಬಾಗಿಲ ಬಳಿ ನಿಂತ ಅಪರಿಚಿತನ ಮುಖ ಕಂಡು ಅವಳಿಗೆ ಕಳವಳ. ಯಾರವನು ಎಂದು ಗಂಡನನ್ನು ಕೇಳುತ್ತಾಳೆ. ರಹದಾರಿ ಪತ್ರಕ್ಕೆ ಬಂದವನು ಎಂದು ಅವನು ಹಗುರವಾಗಿ ಹೇಳಿಬಿಡುತ್ತಾನೆ. ಸ್ವಲ್ಪ ಹೊತ್ತಿಗೆಲ್ಲ ಅವನ ಸಾವು. ಪರದೆ ಬೀಳುತ್ತದೆ. ಅಪಶಕುನ ಗುರುತಿಸುವುದು, ಆಮೇಲೆ ಅಳುವುದು, ಇಷ್ಟೇ ಅವಳ ಪಾತ್ರ. ಆದರೆ ಆಕೆ ಆಮೇಲೆ 36 ವರ್ಷ ಬದುಕಿದ್ದಳು.

ಆಕೆಯೇ ಲೂಯಿಸ್ ದ ಕೊಲಿನ್ಯಿ. ಫ್ರಾನ್ಸಿನ ಪ್ರೊಟೆಸ್ಟಂಟರ ನಾಯಕ ಅಡ್ಮಿರಲ್ ಕೊಲಿನ್ಯಿಯ ಮಗಳು. 1572ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಹತ್ಯಾಕಾಂಡದಲ್ಲಿ ತಂದೆಯೂ ಹೋದ, ಮೊದಲ ಗಂಡ ತೆಲಿನ್ಯಿಯೂ ಹೋದ. ಆಗ ಅವಳಿಗೆ ಹದಿನೇಳು ತುಂಬಿರಲಿಲ್ಲ. ವಿಲಿಯಂನನ್ನು ಮದುವೆಯಾದದ್ದು 1583ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಜನವರಿಯಲ್ಲಿ ಫ್ರೆಂಚ್ ಸೈನಿಕರು ಆಂಟ್ವರ್ಪ್ ಮೇಲೆ ಬಿದ್ದಿದ್ದರು, ಹಾಗಾಗಿ ಫ್ರೆಂಚ್ ಸೊಸೆ ಎಂದರೆ ಜನಕ್ಕೆ ಮುಖ ಸಿಂಡರಿಸುವಷ್ಟು ಬೇಸರ. 1999ರ ಬಳ್ಳಾರಿ ಚುನಾವಣೆಯಲ್ಲಿ ಸ್ವದೇಶಿ ಮಗಳು, ವಿದೇಶಿ ಸೊಸೆ ಎಂಬ ಕೂಗು ಕೇಳಿದ ನಮಗೆ ಇದೇನೂ ಹೊಸದಲ್ಲ ಬಿಡಿ. ಹದಿನೈದು ತಿಂಗಳ ದಾಂಪತ್ಯ, ಐದು ತಿಂಗಳ ಕೂಸು ಫ್ರೆಡರಿಕ್ ಹೆಂಡ್ರಿಕ್, ಗಂಡನ ಹಿಂದಿನ ಹೆಂಡತಿಯ ಹೆಣ್ಣುಮಕ್ಕಳು, ಮೇಲೆ ಸಾಲ. ಗಂಡ ಬಿಟ್ಟುಹೋದ ಆಸ್ತಿ ಇದು.

ಇಲ್ಲಿ ನಮ್ಮ ಕೆಳದಿ ಚೆನ್ನಮ್ಮಾಜಿ ನೆನಪಾಗದೆ ಇರುತ್ತಾಳೆಯೇ? ಸೋಮಶೇಖರ ನಾಯಕನ ಕೊಲೆಯಾದ ಮೇಲೆ ಪಟ್ಟವೇರಿದಳು, ಬಸವಪ್ಪನನ್ನು ದತ್ತು ತೆಗೆದುಕೊಂಡಳು, ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರುಹಾಕಿಕೊಂಡಳು, 1697ರವರೆಗೆ ಆಳಿದಳು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಲ್ಲಿ ಅವಳಿಗೆ ಅರಸರ ಸಾಲಿನಲ್ಲೇ ಜಾಗ. ಸಿಂಹಾಸನದ ಮೇಲೆ ಕೂತವಳನ್ನು ಚರಿತ್ರೆಕಾರ ಬಿಡುವ ಹಾಗಿಲ್ಲ. ಲೂಯಿಸ್‌ಗೆ ಸಿಂಹಾಸನವಿರಲಿಲ್ಲ, ಹುದ್ದೆಯೂ ಇರಲಿಲ್ಲ. ಇದ್ದದ್ದು ಲೇಖನಿ.

ಅವಳ ಪತ್ರಗಳನ್ನು ಮಾರ್ಶ್‌ಗೆ ಮತ್ತು ಮಾರ್ಲೆ ಸಂಪಾದಿಸಿ 1887ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದರು. ರಾಜಕೀಯ ಹುಡುಕುತ್ತ ಹೋದವರಿಗೆ ಮೊದಮೊದಲು ನಿರಾಸೆಯೇ. ಜ್ವರ, ಹೆರಿಗೆ, ದುಡ್ಡಿನ ತಾಪತ್ರಯ, ಯಾರು ಯಾರ ಮನೆಗೆ ಹೋದರು ಎಂಬ ಸುದ್ದಿ. ನಮಗೆ ಈ ಪತ್ರಗಳು ಹಿಡಿಸಿದ್ದು ಇದರಿಂದಲೇ, ಯಾಕೆಂದರೆ ಅವಳ ರಾಜಕೀಯ ನಡೆದದ್ದೇ ಈ ಅಡುಗೆಮನೆ ದಾರಿಯಲ್ಲಿ. ಆ ಮಲಮಕ್ಕಳ ಹೆಸರುಗಳನ್ನೇ ನೋಡಿ: ಬೆಲ್ಜಿಕಾ, ಫ್ಲಾಂಡ್ರಿನಾ, ಬ್ರಬಾಂಟಿನಾ, ಆಂಟ್ವರ್ಪಿಯಾನಾ. ನಾಡು ನಗರಗಳೇ ಆ ಮಕ್ಕಳಿಗೆ ಹೆಸರಿನ ಬಂಧುಗಳು. ಇವರಲ್ಲಿ ಹಲವರನ್ನು ಸಾಕಿದವಳು ಲೂಯಿಸ್. ಹಿರಿಯಳು ಲೂಯಿಸ್ ಯುಲಿಯಾನಾ 1593ರಲ್ಲಿ ಪ್ಯಾಲಟಿನೇಟ್‌ನ ದೊರೆಯನ್ನು ಕೈಹಿಡಿದಳು, 1595ರಲ್ಲಿ ಎಲಿಜಬೆತ್ ಬುಯೋನ್‌ನ ಡ್ಯೂಕನನ್ನು, 1598ರಲ್ಲಿ ಬ್ರಬಾಂಟಿನಾ ಲಾ ತ್ರೆಮುಯ್‌ನ ಡ್ಯೂಕನನ್ನು. ಸ್ಪೇನ್ ವಿರುದ್ಧ ಹೋರಾಡುತ್ತಿದ್ದ ಪುಟ್ಟ ನಾಡಿಗೆ ಇದರಿಂದ ಜರ್ಮನಿಯಲ್ಲೂ ಫ್ರಾನ್ಸಿನಲ್ಲೂ ಬೀಗರಾದರು. ರಾಯಭಾರ ಕಚೇರಿ ತೆರೆದರೂ ಇಷ್ಟು ಆಗುತ್ತಿತ್ತೋ ಇಲ್ಲವೋ.

ಆದರೆ ಗಂಡನ ಹಾದಿಯಲ್ಲಿ ನಡೆದಳು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ನಮಗೆ ಮನಸ್ಸಿಲ್ಲ. ಯಾವ ಗಂಡನ ಯಾವ ಹಾದಿ? ವಿಲಿಯಂ ಬಿಟ್ಟುಹೋದದ್ದು ಎರಡು: ಒಂದು ಕತ್ತಿ, ಇನ್ನೊಂದು ಅವರವರ ನಂಬಿಕೆ ಅವರವರಿಗೆ ಎನ್ನುವ ಪಟ್ಟು. ಕತ್ತಿ ಮಲಮಗ ಮೌರಿಟ್ಸ್‌ನ ಕೈಗೆ ಹೋಯಿತು. ಧರ್ಮದ ಜಗಳ ಬೀದಿಗೆ ಬಂದಾಗ ಅವನು ಕಟ್ಟಾ ಕ್ಯಾಲ್ವಿನ್‌ವಾದಿಗಳ ಕಡೆ ನಿಂತ. ಲೂಯಿಸ್ ಬೋಧಕ ಊಟೆನ್‌ಬೊಗಾರ್ಟ್‌ನ ಸೌಮ್ಯ ಪಂಗಡವನ್ನು ಬಿಡಲಿಲ್ಲ. 1618ರಲ್ಲಿ ಮೌರಿಟ್ಸ್ ಮುದುಕ ಓಲ್ಡೆನ್‌ಬಾರ್ನೆವೆಲ್ಟ್‌ನನ್ನು ಬಂಧಿಸಿದ. ಅವನು ವಿಲಿಯಂ ಸತ್ತ ಮೇಲೆ ಈ ಗಣರಾಜ್ಯವನ್ನು ಹೊತ್ತು ನಿಲ್ಲಿಸಿದವನು. ಅವನ ಜೀವ ಉಳಿಸಲು ಲೂಯಿಸ್ ಮಲಮಗನ ಬಳಿ ಬೇಡಿದಳು. ನಡೆಯಲಿಲ್ಲ. 1619ರ ಮೇ 13ರಂದು ಹೇಗ್‌ನ ಬಿನ್ನೆನ್‌ಹಾಫ್‌ನಲ್ಲಿ ಅವನ ತಲೆ ಹಾರಿಸಿದರು. ತಂದೆಯ ಹೆಸರು ಹೊತ್ತ ಮಗನಿಗಿಂತ ಆ ತಂದೆಯ ಮನಸ್ಸು ವಿಧವೆಯಲ್ಲೇ ಹೆಚ್ಚು ಉಳಿದಿತ್ತು ಎಂಬುದು ನಮ್ಮ ಅಭಿಪ್ರಾಯ. ತನ್ನ ಮಗನ ಭವಿಷ್ಯದ ಲೆಕ್ಕವೂ ಅವಳಿಗಿತ್ತು ಎನ್ನುವವರಿದ್ದಾರೆ. ಇರಲಿ, ತಾಯಿಗೆ ಆ ಲೆಕ್ಕ ಇರಬಾರದೇ?

ಮಾಟ್ಲಿಯ ಬಗ್ಗೆ ಅನ್ಯಾಯದ ಮಾತು ಬೇಡ. 1874ರಲ್ಲಿ ಓಲ್ಡೆನ್‌ಬಾರ್ನೆವೆಲ್ಟ್‌ನ ಬಗ್ಗೆ ಬರೆದಾಗ ಅವನೇ ಮತ್ತೆ ಲೂಯಿಸ್‌ಳ ಬಳಿ ಬರುತ್ತಾನೆ. ಅಲ್ಲೂ ಅವಳು ಬಾಗಿಲ ಬಳಿಯ ಪಾತ್ರವೇ, ಅಷ್ಟೆ.

ಮರುವರ್ಷ, 1620ರಲ್ಲಿ, ಆಕೆ ಫಾಂಟೆನ್‌ಬ್ಲೋನಲ್ಲಿ ತೀರಿಕೊಂಡಳು. ಡೆಲ್ಫ್ಟ್‌ನ ನಿಯುವೆ ಕೆರ್ಕ್‌ನಲ್ಲಿ ಗಂಡನ ಬಳಿಯೇ ಸಮಾಧಿ. ಮೇಲೆ ಹೆಂಡ್ರಿಕ್ ದ ಕೈಸರ್‌ನ ಭಾರೀ ಸ್ಮಾರಕದಲ್ಲಿ ಅಮೃತಶಿಲೆಯ ವಿಲಿಯಂ, ಕಂಚಿನ ವಿಲಿಯಂ, ಕಾಲ ಬಳಿ ನಾಯಿ. ಲೂಯಿಸ್‌ಳ ಪ್ರತಿಮೆ ಮಾತ್ರ ಇಲ್ಲ. 1625ರಲ್ಲಿ ಮೌರಿಟ್ಸ್ ಸತ್ತಾಗ ಅಧಿಕಾರ ಬಂದದ್ದು ಅವಳ ಮಗನಿಗೆ. ಇಂದಿನ ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಆ ಮಗನ ಹೆಣ್ಣುಸಂತತಿಯ ಕಡೆಯಿಂದ ಬಂದವನು. ದೊರೆ ಕೆಲಸ ಮಾಡುವ ನೂರ್ಡೈಂಡ್ ಅರಮನೆಯೂ 1609ರಲ್ಲಿ ತಾಯಿ ಮಗನಿಗೆಂದು ಬರೆದುಕೊಟ್ಟ ಮನೆಯೇ.

ಬಳಗದಲ್ಲಿ ಹಳೆಯ ಫ್ರೆಂಚ್ ಬಲ್ಲವರು ಇದ್ದರೆ ಬ್ರಬಾಂಟಿನಾಳಿಗೆ ಬರೆದ ನಾಲ್ಕಾರು ಪತ್ರಗಳನ್ನು ಕನ್ನಡಕ್ಕೆ ತರಬಹುದು. ಹೆತ್ತವಳಲ್ಲದಿದ್ದರೂ ಅವಳು ಕರೆಯುವುದು ಮಗಳೇ ಎಂದು. ಗ್ರಾಂಥಿಕ ಬೇಡ, ಊರಿಗೆ ಬರೆಯುವ ಕಾಗದದ ಕನ್ನಡ ಸಾಕು.